ಸ್ಕ್ರಿವೆಲ್ಸ್‌ಬಿ ಜಹಗೀರು ಮತ್ತು ‘ಕಿಂಗ್ಸ್ ಚಾಂಪಿಯನ್’ ಪದವಿ

ಇಂಗ್ಲೆಂಡಿನ ಪಟ್ಟಾಭಿಷೇಕಕ್ಕೆ ಸೇರಿದ ‘ಕಿಂಗ್ಸ್ ಚಾಂಪಿಯನ್’ ಪದವಿಯನ್ನು ಲಿಂಕನ್‌ಶೈರಿನ ಡೈಮೋಕ್ ಮನೆತನ ಆರು ಶತಮಾನಗಳಿಂದ ಹೊತ್ತು ಬಂದಿದೆ. ಹೊಸ ದೊರೆಯ ಹಕ್ಕನ್ನು ಅಲ್ಲಗಳೆಯುವವರು ತನ್ನೊಡನೆ ಕಾದಲಿ ಎಂದು ಸವಾಲೊಡ್ಡುವುದು ಈ ಪದವಿಯ ಹೊಣೆಯಾಗಿತ್ತು. ಮನೆತನದ ಹೆಸರು ಎದ್ದು ಕಾಣುವುದರಿಂದ ಇದನ್ನು ವಂಶದ ಹಕ್ಕೆಂದು ತಿಳಿಯುವುದು ಸುಲಭ. ಆದರೆ ಪದವಿ ಅಂಟಿಕೊಂಡಿರುವುದು ನೆಲಕ್ಕೆ. ನಮ್ಮ ಉಂಬಳಿಯಂತೆ ಸೇವೆಗೆ ಪ್ರತಿಯಾಗಿ ಅನುಭವಿಸುವ ಸ್ಕ್ರಿವೆಲ್ಸ್‌ಬಿ ಜಹಗೀರಿಗೆ.

ಹಿಂದೆ ಈ ಜಹಗೀರು ಮಾರ್ಮಿಯನ್ ಮನೆತನದ್ದಾಗಿತ್ತು. ಅವರು ನಾರ್ಮಂಡಿಯ ಡ್ಯೂಕರಿಗೂ ಇದೇ ಸೇವೆ ಸಲ್ಲಿಸುತ್ತಿದ್ದರೆಂಬ ಐತಿಹ್ಯಕ್ಕೆ ಗಟ್ಟಿ ಆಧಾರವಿಲ್ಲ. 1291ರಲ್ಲಿ ಫಿಲಿಪ್ ಮಾರ್ಮಿಯನ್ ಗಂಡುಸಂತಾನವಿಲ್ಲದೆ ತೀರಿಕೊಂಡ ಮೇಲೆ ಆಸ್ತಿ ಹಂಚಿಹೋಯಿತು. ಮುಂದೆ ಅವರ ಟ್ಯಾಮ್‌ವರ್ತ್ ಕೋಟೆ ಫ್ರೆವಿಲ್ ಮನೆತನಕ್ಕೆ, ಸ್ಕ್ರಿವೆಲ್ಸ್‌ಬಿ ಮಾರ್ಗರೆಟ್ ಲಡ್ಲೋ ಎಂಬಾಕೆಗೆ ಬಂದವು. 1377ರಲ್ಲಿ ಎರಡನೇ ರಿಚರ್ಡನ ಪಟ್ಟಾಭಿಷೇಕಕ್ಕೆ ಮುನ್ನ ಬಾಲ್ಡ್ವಿನ್ ಫ್ರೆವಿಲ್ಲನೂ ಮಾರ್ಗರೆಟಳ ಗಂಡ ಜಾನ್ ಡೈಮೋಕನೂ ಪದವಿಗಾಗಿ ಹಕ್ಕು ಮಂಡಿಸಿದರು. ಗೆದ್ದವನು ಡೈಮೋಕ್. ಅವನು ಮಾರ್ಮಿಯನ್ ವಂಶದವನಲ್ಲ, ಹೆಂಡತಿಯ ಜಹಗೀರಿನ ಬಲದಿಂದ ನಿಂತವನು. 1399ರಲ್ಲಿ ನಾಲ್ಕನೇ ಹೆನ್ರಿಗಾಗಿ ಸೇವೆ ಸಲ್ಲಿಸಿದ ಅವನ ಮಗ ಥಾಮಸ್ ಕೂಡ ತಾಯಿಯ ಹಕ್ಕಿನಿಂದಲೇ ಬಂದ. ಪದವಿಯ ಚರಿತ್ರೆಯಲ್ಲಿ ಮಾರ್ಗರೆಟಳ ಹೆಸರಿಗೆ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಸವಾಲು ನಡೆಯುತ್ತಿದ್ದುದು ವೆಸ್ಟ್‌ಮಿನ್‌ಸ್ಟರ್ ಹಾಲಿನ ಪಟ್ಟಾಭಿಷೇಕದ ಔತಣದ ನಡುವೆ. ಕವಚ ತೊಟ್ಟ ಚಾಂಪಿಯನ್ ಕುದುರೆಯೇರಿ ಒಳಬಂದು, ಸವಾಲಿನ ಮಾತನ್ನು ಓದಿಸಿ, ಮೂರು ಸಲ ಉಕ್ಕಿನ ಕೈಗವಸನ್ನು ನೆಲಕ್ಕೆಸೆಯುತ್ತಿದ್ದ. ದೊರೆ ಅವನ ಹೆಸರಿನಲ್ಲಿ ಕುಡಿದು ಕಳುಹಿಸಿದ ಚಿನ್ನದ ಬಟ್ಟಲೇ ಸಂಭಾವನೆ. ಕೊನೆಯ ಸಲ ಹೀಗೆ ನಡೆದದ್ದು 1821ರ ಜುಲೈ 19ರಂದು, ನಾಲ್ಕನೇ ಜಾರ್ಜನಿಗಾಗಿ. ಹಕ್ಕುದಾರ ಪಾದ್ರಿಯಾಗಿದ್ದರಿಂದ ಮಗ ಹೆನ್ರಿ ಡೈಮೋಕ್ ಕವಚ ತೊಟ್ಟ. ಕಾದಾಟದ ಮೂಲಕ ವ್ಯಾಜ್ಯ ತೀರಿಸುವ ಹಳೆಯ ಪದ್ಧತಿಯನ್ನು ಪಾರ್ಲಿಮೆಂಟು 1819ರಲ್ಲೇ ರದ್ದುಪಡಿಸಿತ್ತು. ಅಂದರೆ ಆ ಕೈಗವಸಿನ ಹಿಂದೆ ಆಗ ಕಾನೂನಿನ ಬಲ ಉಳಿದಿರಲಿಲ್ಲ.

1831ರಲ್ಲಿ ನಾಲ್ಕನೇ ವಿಲಿಯಂ ಔತಣವನ್ನೇ ಕೈಬಿಟ್ಟ, ಸವಾಲೂ ನಿಂತಿತು. ಸೇವೆಯ ರೂಪ ಬದಲಾಯಿತು, ಹಕ್ಕು ಅಳಿಯಲಿಲ್ಲ. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕದಲ್ಲಿ ಫ್ರ್ಯಾಂಕ್ ಡೈಮೋಕ್‌ಗೆ ಇಂಗ್ಲೆಂಡಿನ ಧ್ವಜ ಹೊರುವ ಅವಕಾಶ ದೊರೆಯಿತು. 2023ರ ಮೇ 6ರಂದು ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕದಲ್ಲಿ ರಾಜಧ್ವಜ ಹಿಡಿದು ನಡೆದವರು ಸ್ಕ್ರಿವೆಲ್ಸ್‌ಬಿಯ ಈಗಿನ ಒಡೆಯ ಫ್ರಾನ್ಸಿಸ್ ಡೈಮೋಕ್.