ಬಿಟ್ಟಿ ಬಿಸಿ ಮುಗಿದ ಮೇಲೆ

ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದುದು ನೀರು ಕಾಯಿಸಲೆಂದು. ಆದರೆ ಚಳಿಗಾಲದ ಬೆಳಗ್ಗೆ ಮಕ್ಕಳೆಲ್ಲ ಕುಕ್ಕರಗಾಲಿನಲ್ಲಿ ಕೂರುತ್ತಿದ್ದುದು ಆ ಒಲೆಯ ಬಾಯಿಯ ಮುಂದೆಯೇ. ಮೈ ಕಾಯಿಸಿಕೊಳ್ಳಲೆಂದು ಯಾರೂ ಬೇರೆ ಸೌದೆ ಸುಡುತ್ತಿರಲಿಲ್ಲ. ಹಂಡೆ ಹೋಗಿ ಗೀಸರ್ ಬಂತು. ಹೊಗೆ ಹೋಯಿತು, ಬೂದಿ ಹೋಯಿತು, ಜೊತೆಗೆ ಆ ಬಿಟ್ಟಿ ಬಿಸಿಯೂ ಹೋಯಿತು. ಪೆಟ್ರೋಲ್ ಕಾರಿನಿಂದ ಎಲೆಕ್ಟ್ರಿಕ್ ಕಾರಿಗೆ ದಾಟಿದ ಚಳಿದೇಶಗಳಲ್ಲಿ ಆದದ್ದೂ ಇಷ್ಟೇ.

ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಆ ಶಾಖ ಹೊತ್ತ ಕೂಲೆಂಟನ್ನು ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರ್‌ಗೆ ತಂದು ಫ್ಯಾನ್ ಹಾಕಿದರೆ ಹೀಟರ್ ಆಯಿತು. ಎಲೆಕ್ಟ್ರಿಕ್ ಮೋಟಾರು ಹಾಗಲ್ಲ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಚಕ್ರಕ್ಕೇ ದಾಟಿಸುವ ಜಿಪುಣ ಅದು. ಒಳಗೆ ಕೂತವರನ್ನು ಬೆಚ್ಚಗಿಡಲು ಬೇಕಾದ ಶಾಖವನ್ನು ಬ್ಯಾಟರಿಯಿಂದಲೇ ತೆಗೆಯಬೇಕು. ಹೆಪ್ಪುಗಟ್ಟುವ ಬೆಳಗ್ಗೆ ಕಾರು ಹತ್ತಿದ ಮೊದಲ ಹತ್ತು ನಿಮಿಷ ಹೀಟರ್ ಐದಾರು ಕಿಲೋವ್ಯಾಟ್ ಕೇಳುತ್ತದೆ. ಪೇಟೆಯೊಳಗೆ ನಿಧಾನವಾಗಿ ಹೋಗುವ ಕಾರಿನ ಮೋಟಾರು ಕೇಳುವುದೂ ಹೆಚ್ಚುಕಡಿಮೆ ಅಷ್ಟೇ.

ಅಮೆರಿಕದ ಮೋಟಾರು ಸಂಘ ‘ಎಎಎ’ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಮೈನಸ್ 6.7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸಿತು. ಹೀಟರ್ ಆರಿಸಿ ಓಡಿಸಿದಾಗ ಒಂದು ಚಾರ್ಜಿಗೆ ಓಡುವ ದೂರ, ಅಂದರೆ ರೇಂಜ್, ಸರಾಸರಿ ಶೇ. 12ರಷ್ಟು ಇಳಿಯಿತು, ಹಾಕಿಕೊಂಡು ಓಡಿಸಿದಾಗ ಶೇ. 41ರಷ್ಟು. ಚಳಿಗೆ ಬ್ಯಾಟರಿ ಸೊರಗುವುದನ್ನೇ ಎಲ್ಲರೂ ದೂರುತ್ತಾರೆ. ನಿಜವಾದ ಖರ್ಚುಗಾರ ಹೀಟರ್. ಹಾಗೆಂದು ರೇಂಜ್ ಇಳಿಯುವುದನ್ನು ಹೀಟರ್ ಕೆಟ್ಟಿತೆಂದು ಕರೆಯಲಾಗದು. ಅದು ಬಿಲ್ಲು ಅಷ್ಟೆ. ಆ ಬಿಲ್ಲನ್ನು ತಗ್ಗಿಸಲು ಎಂಜಿನಿಯರುಗಳು ಒಂದೊಂದು ಉಪಾಯ ಹೂಡಿದಾಗಲೂ ಹೀಟರ್ ಕೈಕೊಡುವುದಕ್ಕೆ ಒಂದೊಂದು ಹೊಸ ದಾರಿ ತೆರೆದುಕೊಂಡಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಚರಿತ್ರೆಯೆಂದರೆ ಆ ದಾರಿಗಳ ಚರಿತ್ರೆ.

ಮೊದಲ ಉಪಾಯ ಸ್ವಲ್ಪ ನಾಚಿಕೆಯದು: ಎಲೆಕ್ಟ್ರಿಕ್ ಗಾಡಿಯೊಳಗೆ ಕದ್ದುಮುಚ್ಚಿ ಬೆಂಕಿ ಇಡುವುದು. ಜನರಲ್ ಮೋಟಾರ್ಸ್ 1990ರ ದಶಕದಲ್ಲಿ ತಂದ ಎಸ್-10 ಎಂಬ ಎಲೆಕ್ಟ್ರಿಕ್ ಪಿಕಪ್‌ನಲ್ಲಿ ಚಳಿ ಹೆಚ್ಚಾದಾಗ ಉರಿಯುವ ಡೀಸೆಲ್ ಹೀಟರ್ ಇತ್ತು. ವೋಲ್ವೋದ ಸಿ30 ಎಲೆಕ್ಟ್ರಿಕ್‌ನಲ್ಲಿ ಬಯೋ ಎಥನಾಲ್ ಸುಡುವ ಹೀಟರ್. ಶೆವರ್ಲೆ ವೋಲ್ಟ್ ಅಂತೂ ಬ್ಯಾಟರಿ ತುಂಬಿದ್ದರೂ ಹೊರಗೆ ತೀರಾ ಚಳಿಯಿದ್ದರೆ ತನ್ನ ಪೆಟ್ರೋಲ್ ಎಂಜಿನನ್ನು ತಾನೇ ಚಾಲು ಮಾಡಿಕೊಳ್ಳುತ್ತಿತ್ತು. ಯುರೋಪಿನ ಎಷ್ಟೋ ಎಲೆಕ್ಟ್ರಿಕ್ ಬಸ್ಸುಗಳು ಇಂದಿಗೂ ಹೀಟರಿಗೆಂದು ಇಂಧನದ ಪುಟ್ಟ ಟ್ಯಾಂಕ್ ಹೊತ್ತು ತಿರುಗುತ್ತವೆ. ನಗುವ ಹಾಗಿಲ್ಲ, ಈ ಬೆಂಕಿ ಬ್ಯಾಟರಿಯ ಒಂದು ಯೂನಿಟ್ಟನ್ನೂ ತಿನ್ನುವುದಿಲ್ಲ.

ಎರಡನೆಯದು ಪಿಟಿಸಿ ಹೀಟರ್. ಸೊಳ್ಳೆ ಓಡಿಸಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್ ಮಿಷನ್ನಿನ ಒಳಗೂ ಇದರದೇ ಒಂದು ಬಿಲ್ಲೆ ಇರುತ್ತದೆ. ಬೇರಿಯಂ ಟೈಟನೇಟ್ ಮೂಲದ ಈ ಸೆರಾಮಿಕ್ ಒಂದು ಮಟ್ಟಕ್ಕಿಂತ ಬಿಸಿಯಾದರೆ ಅದರ ವಿದ್ಯುತ್ ತಡೆ ಥಟ್ಟನೆ ಏರಿ ಕರೆಂಟನ್ನು ತಾನೇ ಇಳಿಸಿಕೊಳ್ಳುತ್ತದೆ. ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಒಂದು ಯೂನಿಟ್ ಶಾಖ. ಲಾಭವಿಲ್ಲ, ಮೋಸವೂ ಇಲ್ಲ. 2010ರ ಕೊನೆಗೆ ಬಂದ ನಿಸಾನ್ ಲೀಫ್ ಮೊದಲು ಕೂಲೆಂಟನ್ನು ಕಾಯಿಸಿ ಆಮೇಲೆ ಗಾಳಿಯನ್ನು ಕಾಯಿಸುತ್ತಿತ್ತು. ಬಿಸಿ ಬರುವ ಹೊತ್ತಿಗೆ ಆಫೀಸೇ ಬಂದಿರುತ್ತಿತ್ತು.

ಇದರ ಕಾಯಿಲೆಗಳು ಹಳೆಯ ಬಗೆಯವು, ಪತ್ತೆಗೆ ಸುಲಭ. ಹೀಟರಿಗೆ ಕರೆಂಟ್ ಹಾಯಿಸುವ ಎಲೆಕ್ಟ್ರಾನಿಕ್ ಸ್ವಿಚ್ ಸುಟ್ಟುಹೋಗುವುದು, ಪಂಪ್ ನಿಲ್ಲುವುದು, ಕೂಲೆಂಟ್ ಕೊಳವೆಯಲ್ಲಿ ಗಾಳಿ ಸೇರುವುದು. ತುಸು ಗಂಭೀರವಾದದ್ದು ಇನ್ಸುಲೇಷನ್ ದೋಷ. ನಾಲ್ಕುನೂರು ವೋಲ್ಟ್ ಹರಿಯುವ ಹೀಟರಿನ ಒಳಗೆ ತೇವ ಹೊಕ್ಕರೆ ವಿದ್ಯುತ್ ಸೋರುವುದನ್ನು ಕಾರಿನ ಕಾವಲು ವ್ಯವಸ್ಥೆ ಗುರುತಿಸುತ್ತದೆ, ಕೆಲವೊಮ್ಮೆ ಇಡೀ ಕಾರನ್ನೇ ನಿಲ್ಲಿಸಿಬಿಡುತ್ತದೆ. ಕೆಟ್ಟದ್ದು ಹೀಟರ್, ಕದಲದೆ ನಿಂತದ್ದು ಗಾಡಿ. 2020ರ ಅಕ್ಟೋಬರಿನಲ್ಲಿ ಪೋಲ್‌ಸ್ಟಾರ್ ಕಂಪನಿ ತನ್ನ ಹೊಚ್ಚಹೊಸ ‘ಪೋಲ್‌ಸ್ಟಾರ್ 2’ ಕಾರುಗಳಲ್ಲಿ 3,150ರ ಕೂಲೆಂಟ್ ಹೀಟರನ್ನು ಬದಲಿಸಬೇಕಾಯಿತು. ಒಳಗೆ ಕೂತವರನ್ನೂ ಬ್ಯಾಟರಿಯನ್ನೂ ಬೆಚ್ಚಗಿಡುವ ಭಾಗ ಅದು.

ಮೂರನೆಯ ಉಪಾಯವೇ ಹೀಟ್ ಪಂಪ್. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಿದವರಿಗೆ ಇದು ಗೊತ್ತು: ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ. ಕಾರಿನ ಎ.ಸಿ.ಯನ್ನು ತಿರುಗುಮುರುಗು ಮಾಡಿದರೆ ಹೊರಗಿನ ತಣ್ಣನೆ ಗಾಳಿಯಿಂದಲೂ ಶಾಖ ಹಿಂಡಿ ಒಳಗೆ ತರಬಹುದು. ಹಿತವಾದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖ. ಇದು ಹೊಸದೇನಲ್ಲ, 1996ರ ಜನರಲ್ ಮೋಟಾರ್ಸ್ ಇವಿ1ರಲ್ಲೇ ಇತ್ತು. ಆದರೆ ಆ ಕಾರನ್ನು ಮೊದಲು ಲೀಸಿಗೆ ಕೊಟ್ಟದ್ದು ಕ್ಯಾಲಿಫೋರ್ನಿಯಾ, ಅರಿಜೋನಾಗಳಲ್ಲಿ. ಚಳಿಯ ಪರೀಕ್ಷೆಗೆ ಸೆಕೆಯ ಊರು! ರೆನೋ ಜೋಯಿ, 2013ರ ಮಾದರಿಯ ಲೀಫ್, ಬಿಎಂಡಬ್ಲ್ಯು ಐ3 ಇವುಗಳಿಂದಾಚೆಗೆ ಅದು ನಿಜವಾದ ಹಿಮದ ರಸ್ತೆಗಿಳಿಯಿತು.

ಇಳಿದಾಗ ಭೌತಶಾಸ್ತ್ರ ಎದುರಾಯಿತು. ಇಂದಿನ ಬಹುಪಾಲು ಕಾರುಗಳ ಎ.ಸಿ.ಯಲ್ಲಿರುವ ಆರ್-1234ವೈಎಫ್ ಎಂಬ ಗ್ಯಾಸ್ ಮೈನಸ್ 29 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಹೊರಗಿನ ಗಾಳಿಯಿಂದ ಶಾಖ ಹೀರಬೇಕಾದರೆ ಗ್ಯಾಸು ಆ ಗಾಳಿಗಿಂತಲೂ ತಣ್ಣಗಿರಬೇಕು. ಹೊರಗೆ ಮೈನಸ್ ಇಪ್ಪತ್ತೈದು ಇದ್ದಾಗ ಅದರ ಒತ್ತಡ ವಾತಾವರಣದ ಒತ್ತಡಕ್ಕೇ ಇಳಿದು ಆವಿ ತೆಳ್ಳಗಾಗುತ್ತದೆ. ಕಂಪ್ರೆಸರ್ ಎಷ್ಟು ಗಿರಗಿರ ತಿರುಗಿದರೂ ಸಾಗಿಸಲು ಸರಕೇ ಇರುವುದಿಲ್ಲ. ಇನ್ನೊಂದು ಕಾಟ ಸೊನ್ನೆಯ ಆಸುಪಾಸಿನ ತೇವದ ಹವೆಯಲ್ಲಿ: ಹೊರಗಿನ ಕಾಯಿಲ್ ಮೇಲೆ ಮಂಜು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ, ಅದನ್ನು ಕರಗಿಸಲು ಪಂಪ್ ನಡುನಡುವೆ ಉಲ್ಟಾ ಓಡಬೇಕು. ಹೀಟರ್ ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಓಡಿದವರಲ್ಲಿ ಕೆಲವರು ನೋಡಿದ್ದು ಈ ವಿರಾಮವನ್ನಷ್ಟೆ. ಫೋಕ್ಸ್‌ವ್ಯಾಗನ್ ತನ್ನ ಐಡಿ ಸರಣಿಯ ಹೀಟ್ ಪಂಪಿಗೆ ಕಾರ್ಬನ್ ಡೈಆಕ್ಸೈಡನ್ನೇ ಗ್ಯಾಸಾಗಿ ಆರಿಸಿತು. ಕಡುಚಳಿಯಲ್ಲಿ ಅದು ಚೆನ್ನಾಗಿ ದುಡಿಯುತ್ತದೆ, ಆದರೆ ನೂರು ಬಾರ್ ಮೀರುವ ಒತ್ತಡವನ್ನು ಪ್ರತಿ ಕೊಳವೆ, ಪ್ರತಿ ಸೀಲ್ ತಡೆದುಕೊಳ್ಳಬೇಕು.

ಆರಂಭದ ಹೀಟ್ ಪಂಪ್ ಕಾರುಗಳಲ್ಲಿ ಒಂದು ಹಳ್ಳಿಯ ಜಾಣತನವಿತ್ತು. ಲೀಫ್ ಹೀಟ್ ಪಂಪನ್ನು ನಂಬಿಯೂ ಪಿಟಿಸಿಯನ್ನು ಕೈಬಿಡಲಿಲ್ಲ. ಕರೆಂಟ್ ಬಂದ ಮನೆಯಲ್ಲೂ ಲಾಟೀನು ಇಟ್ಟುಕೊಂಡಂತೆ. 2020ರ ಟೆಸ್ಲಾ ಮಾಡೆಲ್ ವೈ ಆ ಲಾಟೀನನ್ನು ಎತ್ತಿಹಾಕಿತು. ಮೋಟಾರು, ಬ್ಯಾಟರಿ, ಕ್ಯಾಬಿನ್ ಮೂರರ ಶಾಖವನ್ನೂ ‘ಆಕ್ಟೋವಾಲ್ವ್’ ಎಂಬ ಒಂದೇ ಕವಾಟದ ಮೂಲಕ ಬೇಕಾದಲ್ಲಿಗೆ ತಿರುಗಿಸುವ ವ್ಯವಸ್ಥೆ ಅದು. ಹೆಚ್ಚು ವೋಲ್ಟಿನ ಪಿಟಿಸಿ ಬೇಡ, ಕಡುಚಳಿಯಲ್ಲಿ ಕಂಪ್ರೆಸರನ್ನೇ ಬೇಕೆಂದು ಅದಕ್ಷವಾಗಿ ಓಡಿಸಿ ಶಾಖ ಹುಟ್ಟಿಸಿದರಾಯಿತು. ಎಂಜಿನಿಯರಿಂಗ್ ಸೊಬಗಿನ ದೃಷ್ಟಿಯಿಂದ ಇದಕ್ಕೆ ಕೈಮುಗಿಯಬೇಕು. ಆದರೆ ಪಂಪ್ ನಿಂತರೆ ಬೇರೆ ಗತಿಯಿಲ್ಲ.

ನಿಂತೂಬಿಟ್ಟಿತು. ನಂತರದ ಚಳಿಗಾಲಗಳಲ್ಲಿ ಕೆನಡಾದಂಥ ಕಡೆಗಳಿಂದ ನಡುದಾರಿಯಲ್ಲಿ ಬಿಸಿಗಾಳಿ ನಿಂತ ದೂರುಗಳು ಬಂದವು. 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 26,681 ಟೆಸ್ಲಾ ಕಾರುಗಳಿಗೆ ಅಧಿಕೃತ ರೀಕಾಲ್ ಹೊರಟಿತು. ಕಾರಣ ಓದಿದರೆ ಕಾಲ ಬದಲಾದದ್ದು ತಿಳಿಯುತ್ತದೆ: ಸಾಫ್ಟ್‌ವೇರ್ ತಪ್ಪಿನಿಂದ ಹೀಟ್ ಪಂಪಿನ ಒಂದು ವಾಲ್ವ್ ತೆರೆಯಬಾರದ ಹೊತ್ತಿನಲ್ಲಿ ತೆರೆದುಕೊಂಡು ಗ್ಯಾಸು ಇವಾಪರೇಟರಿನೊಳಗೇ ಸಿಕ್ಕಿಬೀಳುತ್ತಿತ್ತು. ಒಂದು ಬೋಲ್ಟೂ ಮುರಿದಿರಲಿಲ್ಲ. ಪರಿಹಾರವಾಗಿ ಬಂದದ್ದೂ ಸಾಫ್ಟ್‌ವೇರ್ ಅಪ್‌ಡೇಟ್. ಸ್ಪ್ಯಾನರ್ ಹಿಡಿದವರಿಗೆ ಇದರಲ್ಲಿ ಕೆಲಸವೇ ಇರಲಿಲ್ಲ. ಈ ರೀಕಾಲ್ ಬಂದದ್ದು ಪ್ರಯಾಣಿಕರಿಗೆ ಚಳಿಯಾಯಿತೆಂದಲ್ಲ. ಮುಂಗಾಜಿನ ಮಂಜು ಇಂತಿಷ್ಟು ಹೊತ್ತಿನಲ್ಲಿ ಕರಗಲೇಬೇಕೆಂಬ ಸುರಕ್ಷತಾ ನಿಯಮವನ್ನು ಕಾರು ಮೀರಿತ್ತು. ಚಳಿಗೆ ಕೋಟು ಹಾಕಿಕೊಳ್ಳಬಹುದು. ಕಾಣದ ರಸ್ತೆಗೆ ಏನು ಹಾಕಿಕೊಳ್ಳುವುದು?

ಸುದ್ದಿಮನೆಗಳು ಇಷ್ಟು ಬಿಡಿಸಿ ನೋಡುವುದಿಲ್ಲ. 2024ರ ಜನವರಿಯಲ್ಲಿ ಶಿಕಾಗೋದ ಚಾರ್ಜಿಂಗ್ ನಿಲ್ದಾಣಗಳಲ್ಲಿ ಟೆಸ್ಲಾಗಳು ಸಾಲುಗಟ್ಟಿ ನಿಂತ ಚಿತ್ರ ಲೋಕವೆಲ್ಲ ಸುತ್ತಿತು. ಅಲ್ಲಿ ಮುಖ್ಯ ತೊಡಕು ತಣ್ಣಗಾದ ಬ್ಯಾಟರಿ. ಸೊನ್ನೆಗಿಂತ ಕೆಳಗೆ ರಭಸವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಆನೋಡಿನ ಮೇಲೆ ಕೂರುತ್ತದೆ, ಆದ್ದರಿಂದ ಕಾರು ಮೊದಲು ಬ್ಯಾಟರಿಯನ್ನು ಕಾಯಿಸಿಕೊಳ್ಳುತ್ತದೆ. ಬರುವ ದಾರಿಯಲ್ಲೇ ಕಾಯಿಸಿಕೊಳ್ಳದವರು ಕ್ಯೂ ಬೆಳೆಸಿದರು. ಅದೇ ತಿಂಗಳು ಓಸ್ಲೋದಲ್ಲಿ ಎಲೆಕ್ಟ್ರಿಕ್ ಬಸ್ಸುಗಳ ಟ್ರಿಪ್ಪುಗಳು ರದ್ದಾದವು. ಆದರೆ ಆ ವರ್ಷ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 88.9ರಷ್ಟು ಎಲೆಕ್ಟ್ರಿಕ್.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. 2001ರಲ್ಲಿ ಇಲ್ಲಿ ರಸ್ತೆಗಿಳಿದ ಎಲೆಕ್ಟ್ರಿಕ್ ಕಾರು ರೇವಾ, ಮುಂದೆ ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಚಳಿಗಾಲವನ್ನೂ ಕಂಡಿತು. ಲೆಡ್-ಆಸಿಡ್ ಬ್ಯಾಟರಿಯ ಆ ಪುಟಾಣಿಯಲ್ಲಿ ಕ್ಯಾಬಿನ್ನಿನ ಗಾಳಿಯನ್ನೆಲ್ಲ ಕಾಯಿಸುವಷ್ಟು ಉಳಿತಾಯ ಎಲ್ಲಿಂದ ಬರಬೇಕು? ಉತ್ತರದ ಸುಳಿವು ಅದರ ಹುಟ್ಟಿನಲ್ಲೇ ಇತ್ತು: ಬೆಂಗಳೂರಿನ ಮೈನಿ ಸಮೂಹದ ಜೊತೆ ರೇವಾ ಕಟ್ಟಿದ ಅಮೆರಿಕದ ಪಾಲುದಾರ ಕಂಪನಿ ಅಮೆರಿಗಾನ್. ಕಾರಿನ ಸೀಟನ್ನೇ ಬಿಸಿ ಮಾಡುವ, ತಂಪು ಮಾಡುವ ತಂತ್ರದಲ್ಲಿ ಹೆಸರು ಮಾಡಿದ ಅದು 2012ರಲ್ಲಿ ಜೆಂಥರ್ಮ್ ಎಂದು ಹೆಸರು ಬದಲಿಸಿಕೊಂಡು ಇಂದಿಗೂ ಅದೇ ವ್ಯಾಪಾರ ನಡೆಸುತ್ತಿದೆ.

ಇಂದಿನ ಎಂಜಿನಿಯರುಗಳು ಹೊರಳುತ್ತಿರುವುದೂ ಆ ಕಡೆಗೇ. ಸೀಟು ಬೆಚ್ಚಗಿಡಲು ನೂರು ವ್ಯಾಟಿನೊಳಗೆ ಸಾಕು, ಕ್ಯಾಬಿನ್ನಿನ ಗಾಳಿಗೆ ಸಾವಿರಗಟ್ಟಲೆ ಬೇಕು. ಲೆಕ್ಸಸ್ ತನ್ನ ಆರ್‌ಜಡ್ ಕಾರಿನಲ್ಲಿ ಮೊಣಕಾಲಿನ ನೇರಕ್ಕೆ ಶಾಖ ಸೂಸುವ ಹಲಗೆ ಇಟ್ಟಿತು. ಜರ್ಮನಿಯ ಝಡ್‌ಎಫ್ 2023ರಲ್ಲಿ ಬಿಸಿಯಾಗುವ ಸೀಟ್ ಬೆಲ್ಟ್ ತೋರಿಸಿತು: ನೇಯ್ಗೆಯೊಳಗೆ ಸಣ್ಣ ತಂತಿ, ಎದೆಯ ಮೇಲೆ ಅಡ್ಡಲಾಗಿ ಬೆಚ್ಚನೆಯ ಪಟ್ಟಿ. ಫೆರನ್ ನಿಲುವಂಗಿಯ ಒಳಗೆ ಕೆಂಡದ ಕಾಂಗಡಿ ಇಟ್ಟುಕೊಂಡು ಓಡಾಡುವ ಕಾಶ್ಮೀರಿ ಅಜ್ಜನಿಗೆ ಇದನ್ನು ತೋರಿಸಿದರೆ ಹೊಸದೇನಿದೆ ಎಂದಾನು. ಮುಂಗಾಜಿನ ಮಂಜು ಕರಗಿಸಲು ಮಾತ್ರ ಬಹುಪಾಲು ಕಾರುಗಳಿಗೆ ಬಿಸಿಗಾಳಿ ಇನ್ನೂ ಬೇಕು.