ಸೊಂಟದ ಕಲ್ಲು

ಬಸವಕಲ್ಯಾಣ ತಾಲ್ಲೂಕಿನ ಮಂಠಾಳದ ಕಡೆ ಹುಲ್ಲು ಕೊಯ್ಯುವವರನ್ನು ನೋಡಿದವರು ಒಂದನ್ನು ಗಮನಿಸಿರಬಹುದು. ಆಳು ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲುತ್ತಾನೆ. ಸೊಂಟದ ಗಂಟಿನಿಂದ ಬೆರಳುದ್ದದ ಮಸೆಗಲ್ಲನ್ನು ತೆಗೆದು ಕುಡಗೋಲಿನ ಅಲಗಿಗೆ ನಾಲ್ಕು ಸಲ ಎಳೆಯುತ್ತಾನೆ. ಬದುವಿನ ಮೇಲೆ ನಿಂತ ಯಜಮಾನನಿಗೆ ಇದು ಮೈಗಳ್ಳತನವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಹುಲ್ಲಿನ ದಂಟಿನಲ್ಲಿ ಮರಳಿನ ಸತ್ವವಿದೆ. ಅದು ಎಂಥ ಅಲಗನ್ನೂ ಮೊಂಡಾಗಿಸುತ್ತದೆ. ಮಸೆಯಲು ನಿಲ್ಲದವನು ಕೊಯ್ಯುವುದಿಲ್ಲ, ಹರಿಯುತ್ತಾನೆ.

ಈ ಕಲ್ಲು ರೈತನ ಸೊಂಟಕ್ಕೆ ಬಂದದ್ದೇ ಒಂದು ಚರಿತ್ರೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಅವನ್ನು ತಿಕ್ಕಿ ನಯಗೊಳಿಸಿದ ಗುಳಿಗಳು ಇಂದಿಗೂ ಬಂಡೆಗಳ ಮೇಲಿವೆ. ಬಂಡೆ ಕದಲದು, ಆದ್ದರಿಂದ ಕೊಡಲಿಯೇ ಅದರ ಬಳಿಗೆ ಹೋಗಬೇಕಾಗಿತ್ತು. ಕಬ್ಬಿಣ ಬಂದಮೇಲೆ ಈ ಸಂಬಂಧ ತಿರುಗಿತು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದ ಹಳ್ಳೂರಿನಲ್ಲಿ ಕ್ರಿ.ಪೂ. 1000ದ ಸುಮಾರಿಗೇ ಕಬ್ಬಿಣವಿತ್ತೆಂದು ತಿಳಿದಿದೆ. ಕಬ್ಬಿಣದ ತೆಳುವಾದ ಅಲಗು ಬೇಗ ಹರಿತವಾಗುತ್ತದೆ, ಬೇಗ ಮೊಂಡಾಗುತ್ತದೆ. ಗಳಿಗೆಗೊಮ್ಮೆ ಊರೊಳಗಿನ ಕುಲುಮೆಗೆ ಓಡಲಾದೀತೇ? ಕಲ್ಲೇ ಹೊಲಕ್ಕೆ ನಡೆಯಬೇಕಾಯಿತು. ಕುಳ ಬಡಿದುಕೊಟ್ಟ ಕಮ್ಮಾರನಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಹರಿತವನ್ನು ದಿನವಿಡೀ ಕಾಯ್ದುಕೊಂಡ ಕೊಯ್ಲಿನ ಆಳಿಗೆ ಅದರ ಲೆಕ್ಕವಾಗಿ ಏನೂ ಸಿಗಲಿಲ್ಲ.

ದೂರದ ರೋಮಿನಲ್ಲೂ ಇದೇ ಪಾಡು. ಕ್ರಿ.ಶ. ಮೊದಲನೆಯ ಶತಮಾನದ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಹಿಂದೆ ಕ್ರೀಟ್ ಮೊದಲಾದ ಹೊರನಾಡುಗಳ ಕಲ್ಲೇ ಗತಿಯಾಗಿತ್ತು, ಅದಕ್ಕೆ ಎಣ್ಣೆ ಬೇಕಾಗಿತ್ತು. ಅದಕ್ಕಾಗಿ ಹುಲ್ಲು ಕೊಯ್ಯುವವನು ಎಣ್ಣೆಯ ಕೊಂಬನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಿದ್ದನಂತೆ. ಇಟಲಿಯಲ್ಲೇ ನೀರು ಹಾಕಿ ಮಸೆಯುವ ಕಲ್ಲು ಸಿಕ್ಕಿದ ಮೇಲೆ ಆ ಕೊಂಬು ತಪ್ಪಿತು. ಪಂಡಿತನೊಬ್ಬ ಆಳಿನ ಕಾಲನ್ನು ನೋಡಿದ್ದು ನಮ್ಮ ಪುಣ್ಯವೆನ್ನಬೇಕು.

ನಮ್ಮಲ್ಲಿ ಅಂಥ ನೋಟ ವಿರಳ. ಮಂಠಾಳದವರ ತಾಲ್ಲೂಕು ಕೇಂದ್ರವಾದ ಕಲ್ಯಾಣದಲ್ಲೇ, ಹನ್ನೆರಡನೆಯ ಶತಮಾನದಲ್ಲಿ, ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆಯುವುದನ್ನೇ ಕಾಯಕವಾಗಿ ನಡೆಸಿದನು. ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಜಾರಿತು, ಅವನು ಕಾಯಕವನ್ನು ಬಿಡಲಿಲ್ಲವೆಂಬ ಕಥೆ ಶೂನ್ಯಸಂಪಾದನೆಯಿಂದಾಗಿ ಎಲ್ಲರಿಗೂ ಪರಿಚಿತ. ನನ್ನ ವಿದ್ಯಾರ್ಥಿಗಳು ಲಿಂಗವೇನಾಯಿತೆಂದು ಕೇಳುತ್ತಾರೆ. ಕುಡಗೋಲನ್ನು ಯಾವುದರಿಂದ ಮಸೆದನೆಂದು ಇದುವರೆಗೆ ಯಾರೂ ಕೇಳಿಲ್ಲ. ಕಾಯಕವೆಂದರೆ ಇದೂ ಸೇರಿತ್ತು ತಾನೆ?

ಭಾಷೆಯೂ ಈ ಕಲ್ಲಿಗೆ ನ್ಯಾಯ ಮಾಡಿಲ್ಲ. ಸಂಸ್ಕೃತದ ಶಾಣದಿಂದ ಬಂದ ‘ಸಾಣೆ’ಗೆ ಗೌರವ ದೊರೆಯಿತು: ಬುದ್ಧಿಗೆ ಸಾಣೆ ಹಿಡಿಯುತ್ತೇವೆ, ದೇವರ ಗಂಧವನ್ನು ಸಾಣೆಕಲ್ಲಿನ ಮೇಲೆ ತೇಯುತ್ತೇವೆ. ಅಚ್ಚಗನ್ನಡದ ‘ಮಸೆ’ಗೆ ಬಂದದ್ದು ಹಗೆ ಮಾತ್ರ: ಕತ್ತಿ ಮಸೆಯುವುದು, ಹಲ್ಲು ಮಸೆಯುವುದು. ದಿನವೂ ಕುಡಗೋಲು ಮಸೆದವರು ಈ ನುಡಿಗಟ್ಟುಗಳನ್ನು ಕಟ್ಟಿರಲಾರರು ಎಂದು ನನ್ನ ಅನುಮಾನ.

ಮಂಠಾಳದ ಸೀಮೆಯದು ಕರಿಕಲ್ಲು ಮತ್ತು ಜಂಬಿಟ್ಟಿಗೆಯ ನೆಲ. ಒಳ್ಳೆಯ ಮರಳುಗಲ್ಲು ಅಲ್ಲಿನದಲ್ಲ, ಹೊರಗಿನಿಂದಲೇ ಬರಬೇಕು. ಅಮೆರಿಕದ ಅಚೆಸನ್ 1891ರಲ್ಲಿ ಕಂಡುಕೊಂಡ ಕಾರ್ಬೊರಂಡಂ ಆ ಕೊರತೆಯನ್ನು ನೀಗಿತು; ವಿದ್ಯುತ್ ಕುಲುಮೆಯಲ್ಲಿ ಬೆಂದ ಆ ಬೂದುಬಣ್ಣದ ಬಿಲ್ಲೆ ಈಗ ಸಂತೆಯಲ್ಲಿ ಸಿಗುತ್ತದೆ. ಕಬ್ಬು ಕಡಿಯುವವರು ಕೊಯ್ತಾದ ಜೊತೆಗೆ ಅರವನ್ನು ಒಯ್ಯುವುದೂ ಉಂಟು. ಹುಲ್ಲು ಕೊಯ್ಯುವವರ ಗಂಟಿನಲ್ಲಿ ಮಾತ್ರ ಕಲ್ಲು ಇನ್ನೂ ಇದೆ, ಎಲೆ ಅಡಿಕೆಯ ಪಕ್ಕದಲ್ಲಿ.