ಎಲುಬಿಗೆ ಅಂಟಿದ ಕಲ್ಲು: ತೆಗೆಯಬೇಕೇ, ಬಿಡಬೇಕೇ?



ಬೋನಾಳದ ಹೆಸರು ಹೇಳಿದರೆ ನಮಗೆ ಮೊದಲು ನೆನಪಾಗುವುದು ಸುರಪುರದ ನಾಯಕ ಅರಸರ ಕಾಲದ ಕೆರೆ ಮತ್ತು ಅಲ್ಲಿಗೆ ಬರುವ ಹಕ್ಕಿಗಳು. ಆದರೆ ಇಲ್ಲಿಂದ ಹುಣಸಗಿಯ ಕಡೆಗೆ ಸಾಗಿದರೆ, ಅರಸರಿಗಿಂತಲೂ ಲಕ್ಷಾಂತರ ವರ್ಷ ಹಿಂದಿನ ಇತಿಹಾಸ ಹೊಲಗಳಲ್ಲಿಯೂ ಹಳ್ಳದ ದಂಡೆಗಳಲ್ಲಿಯೂ ಬಿದ್ದಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ದಶಕಗಳ ಕಾಲ ಈ ಪ್ರದೇಶವನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಆದಿಮಾನವನ 200ಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಕಲ್ಲಿನ ಕೊಡಲಿಗಳ ಜೊತೆಗೆ ಕೆಲವೆಡೆ ಕಾಡುದನ, ಆನೆ ಮುಂತಾದ ಪ್ರಾಣಿಗಳ ಹಲ್ಲು ಮತ್ತು ಎಲುಬುಗಳ ಪಳೆಯುಳಿಕೆಗಳೂ ದೊರೆತಿವೆ.

ಅಂಥದೊಂದು ಎಲುಬು ನಿಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಅದರ ಅರ್ಧ ಭಾಗ ಸುಣ್ಣ ಬೆರೆತ ಗಟ್ಟಿ ಕಲ್ಲಿನಲ್ಲಿ ಹುದುಗಿದೆ. ಆ ಕಲ್ಲನ್ನು ಕೆತ್ತಿ, ಎಲುಬನ್ನು ಶುಭ್ರಗೊಳಿಸಿ ಶಾಲೆಯ ಪ್ರದರ್ಶನದಲ್ಲಿ ಇಡಬೇಕೆಂಬ ಆಸೆ ಸಹಜವೇ. ಆದರೆ ಉಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಲ್ಲು ನಿಜವಾಗಿ ಕಸವೇ?

ಇದಕ್ಕೆ ಉತ್ತರ ನಮ್ಮ ಇಸಾಂಪುರದಲ್ಲಿಯೇ ಇದೆ. ಹುಣಸಗಿ ಸಮೀಪದ ಈ ಊರಿನಲ್ಲಿ 1990ರ ದಶಕದ ಕೊನೆಯಲ್ಲಿ ಪದ್ದಯ್ಯನವರ ತಂಡ ಉತ್ಖನನ ನಡೆಸಿತು. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಆದಿಮಾನವ ಆಯುಧ ಮಾಡುತ್ತಿದ್ದ ಕಾರ್ಯಾಗಾರವೇ ಅಲ್ಲಿ ಬೆಳಕಿಗೆ ಬಂತು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳನ್ನು 'ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್' ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು 12 ಲಕ್ಷ ವರ್ಷ ಹಳೆಯವೆಂದು ತಿಳಿಯಿತು. ಭಾರತದ ಅತಿ ಪ್ರಾಚೀನ ಮಾನವ ನೆಲೆಗಳ ಸಾಲಿನಲ್ಲಿ ಇಸಾಂಪುರಕ್ಕೆ ಸ್ಥಾನ ದೊರೆತದ್ದು ಹೀಗೆ.

ಈ ವಿಧಾನದ ಗುಟ್ಟನ್ನು ತುಸು ತಿಳಿದುಕೊಳ್ಳಿ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಧಾತುಗಳಿಂದ ಸದಾ ಅಲ್ಪ ಪ್ರಮಾಣದ ವಿಕಿರಣ ಹೊಮ್ಮುತ್ತಿರುತ್ತದೆ. ಹಲ್ಲಿನ ಹೊಳಪಿನ ಪದರ ಅದರ ಪರಿಣಾಮವನ್ನು ವರ್ಷದಿಂದ ವರ್ಷಕ್ಕೆ ಕೂಡಿಡುತ್ತದೆ. ಒಟ್ಟು ಎಷ್ಟು ಕೂಡಿದೆ ಎಂಬುದನ್ನು ಹಲ್ಲು ಹೇಳುತ್ತದೆ. ವರ್ಷಕ್ಕೆ ಎಷ್ಟು ಕೂಡುತ್ತಿತ್ತು ಎಂಬುದನ್ನು ಹೇಳಲು ಹಲ್ಲಿನ ಸುತ್ತಲಿನ ಮಣ್ಣು, ಕಲ್ಲು ಬೇಕು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ವಯಸ್ಸು ದೊರೆಯುತ್ತದೆ. ಹಲ್ಲನ್ನು ತೊಳೆದು ಥಳಥಳಿಸುವಂತೆ ಮಾಡಿ, ಅಂಟಿದ್ದ ಕಲ್ಲನ್ನು ತಿಪ್ಪೆಗೆ ಎಸೆದರೆ ಲೆಕ್ಕದ ಅರ್ಧ ಭಾಗವನ್ನೇ ಎಸೆದಂತೆ.

ಇನ್ನೂ ಒಂದು ಅಪಾಯವಿದೆ. ಆದಿಮಾನವ ಆ ಪ್ರಾಣಿಯ ಮಾಂಸವನ್ನು ಕಲ್ಲಿನ ಆಯುಧದಿಂದ ಕೊಯ್ದಿದ್ದರೆ ಎಲುಬಿನ ಮೇಲೆ ಕೂದಲೆಳೆಯಂಥ ಗೀರುಗಳು ಉಳಿದಿರಬಹುದು. ನಮ್ಮ ಸೂಜಿ, ಉಳಿಗಳು ಆ ಗೀರುಗಳನ್ನು ಅಳಿಸಬಹುದು. ಅವುಗಳನ್ನೇ ಹೋಲುವ ಸುಳ್ಳು ಗೀರುಗಳನ್ನೂ ಮೂಡಿಸಬಹುದು. ಆಮ್ಲ ಹಾಕಿದರೆ ಸುಣ್ಣ ನೊರೆಯೆದ್ದು ಕರಗುವುದು ನಿಜ. ಆದರೆ ಎಲುಬಿನ ಸೂಕ್ಷ್ಮ ರಂಧ್ರಗಳಲ್ಲಿಯೂ ಸುಣ್ಣವೇ ತುಂಬಿದ್ದರೆ ಅದೂ ಕರಗಿ ಎಲುಬು ಪುಡಿಯಾಗುತ್ತದೆ.

ಹಾಗಾದರೆ ಕಲ್ಲನ್ನು ಎಂದೂ ಮುಟ್ಟಬಾರದೇ? ಹಾಗಲ್ಲ. ಕಲ್ಲನ್ನು ತೆಗೆಯದಿದ್ದರೆ ಕೆಲವು ಸತ್ಯಗಳು ಹೊರಬರುವುದೇ ಇಲ್ಲ. ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಸುಣ್ಣದ ಗಣಿಯಿಂದ ಬಂದ ಕಲ್ಲಿನ ತುಂಡೊಂದನ್ನು ರೇಮಂಡ್ ಡಾರ್ಟ್ ಎಂಬ ಅಂಗರಚನಾ ಶಾಸ್ತ್ರಜ್ಞ ಹೆಣಿಗೆ ಸೂಜಿಗಳಿಂದ ತಾಳ್ಮೆಯಿಂದ ಬಿಡಿಸಿದರು. 1924ರ ಡಿಸೆಂಬರ್ 23ರಂದು ಕಲ್ಲಿನೊಳಗಿಂದ ಒಂದು ಮಗುವಿನ ಮುಖ ಕಾಣಿಸಿತು. 1925ರಲ್ಲಿ ಅವರು ಅದಕ್ಕೆ 'ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್' ಎಂದು ಹೆಸರಿಟ್ಟರು. ಮಾನವನ ಉಗಮದ ಕುರಿತ ವಿಚಾರವೇ ಬದಲಾಯಿತು. ಆದರೆ ಆ ಕಲ್ಲು ಗಣಿಯ ಯಾವ ಪದರದಿಂದ ಬಂತೆಂದು ತೆಗೆದವರು ಗುರುತಿಟ್ಟಿರಲಿಲ್ಲ. ಆದ್ದರಿಂದ ಅದರ ಕಾಲದ ಬಗ್ಗೆ ಚರ್ಚೆ ಮುಗಿಯಲಿಲ್ಲ. ಬುರುಡೆಗೆ ಅಂಟಿ ಬಂದ ಕಲ್ಲನ್ನೇ ಗಣಿಯ ಪದರಗಳೊಂದಿಗೆ ಹೋಲಿಸಿ ವಿದ್ವಾಂಸರು ಉತ್ತರ ಹುಡುಕಬೇಕಾಯಿತು. ಕಲ್ಲನ್ನು ತೆಗೆದದ್ದರಿಂದ ಮುಖ ಸಿಕ್ಕಿತು. ವಿಳಾಸಕ್ಕೆ ಉಳಿದ ಸಾಕ್ಷಿ ಆ ಕಲ್ಲೇ.

ಆದ್ದರಿಂದ ನಿರ್ಧಾರ ಹೀಗಿರಬೇಕು. ಮೊದಲು ಪ್ರಶ್ನೆ, ಆಮೇಲೆ ಉಳಿ. ಇದು ಯಾವ ಪ್ರಾಣಿ ಎಂದು ತಿಳಿಯಲು ಹಲ್ಲಿನ ಮೇಲ್ಭಾಗ ಕಂಡರೆ ಸಾಕೆಂದಾದರೆ ಅಷ್ಟನ್ನೇ ತೆರೆಯಬೇಕು. ಒಳಗನ್ನು ನೋಡಲು ಈಗ ಸಿ.ಟಿ. ಸ್ಕ್ಯಾನ್ ಇದೆ, ಎಷ್ಟೋ ಸಲ ಕಲ್ಲನ್ನು ಮುಟ್ಟದೆಯೇ ಎಲುಬಿನ ಆಕಾರ ಕಾಣುತ್ತದೆ. ತೆಗೆಯಲೇಬೇಕಾದರೆ ನುರಿತವರು ತೆಗೆಯಬೇಕು. ಮೊದಲು ಛಾಯಾಚಿತ್ರ ತೆಗೆದು, ಉದುರಿದ ಪುಡಿಯನ್ನೂ ಚೀಟಿ ಹಚ್ಚಿದ ಪೊಟ್ಟಣದಲ್ಲಿ ಕಾಪಾಡಬೇಕು. ಉಳಿಸಿದ ಕಲ್ಲನ್ನು ನಾಳೆಯೂ ತೆಗೆಯಬಹುದು; ತೆಗೆದದ್ದನ್ನು ಮತ್ತೆ ಅಂಟಿಸಲಾಗದು.

ಈ ಎಚ್ಚರ ನಮ್ಮ ನೆಲಕ್ಕೆ ಹೊಸದೇನಲ್ಲ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಈ ಭಾಗದ ಪ್ರಾಚೀನ ಕಲ್ಗೋರಿಗಳನ್ನು ಅಗೆಸಿದಾಗ ಎಲುಬು, ಮಡಕೆಗಳನ್ನು ಆರಿಸಿಕೊಂಡು ಸುಮ್ಮನಾಗಲಿಲ್ಲ. ಅವು ಯಾವ ಪದರದಲ್ಲಿ, ಹೇಗೆ ಇದ್ದವೆಂದು ಗೋರಿಯ ಸೀಳುನಕ್ಷೆಗಳನ್ನೂ ಬರೆದಿಟ್ಟರು. ಅವರ ಕೆಲಸಕ್ಕೆ ಇಂದಿಗೂ ಬೆಲೆ ಇರುವುದು ಆ ನಕ್ಷೆಗಳಿಂದಲೇ.

ಇಂದು ನಮ್ಮ ಕಣಿವೆಯಲ್ಲಿ ಕಾಲುವೆ, ಹೊಲ ಸಮತಟ್ಟು, ಕಲ್ಲುಗಣಿ ಎಂದು ನೆಲ ದಿನದಿನಕ್ಕೆ ಬದಲಾಗುತ್ತಿದೆ. ಪಂಡಿತರು ಬರುವ ಮುನ್ನ ಅಂಥ ಎಲುಬನ್ನು ಕಾಣುವವರು ರೈತರು, ಕೂಲಿಕಾರರು, ಶಾಲೆಗೆ ಹೋಗುವ ಮಕ್ಕಳು. ಅಂದರೆ ನೀವೇ. ಕಂಡರೆ ಕೀಳಬೇಡಿ, ತೊಳೆಯಬೇಡಿ, ಕೆತ್ತಬೇಡಿ. ಜಾಗದ ಚಿತ್ರ ತೆಗೆದು, ಊರು, ಹೊಲ, ದಿನಾಂಕ ಬರೆದಿಟ್ಟು, ನಿಮ್ಮ ಶಿಕ್ಷಕರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸಿ. ಸಾವಿರ ಶತಮಾನಗಳಿಗೂ ಮಿಗಿಲಾದ ಕಾಲ ಆ ಎಲುಬಿಗೆ ಕಾವಲಿದ್ದ ಕಲ್ಲನ್ನು ಒಂದು ಸಂಜೆಯ ಉತ್ಸಾಹದಲ್ಲಿ ಕಳೆಯದಿರುವುದೂ ವಿದ್ಯೆಯೇ.